ಗೆಂಡೆ ಮೀನಿನ ಮೂಗಿನಿಂದ ಮಿದುಳಿಗೆ: ಮಾದರಿ ಎಲ್ಲಿಗೆ ಬಂತು

ಹೈಸ್ಕೂಲ್ ಮಕ್ಕಳಿಗೆ ತೋರಿಸಲು ಜೇಡಿಮಣ್ಣು, ಬಣ್ಣದ ವೈರು ಬಳಸಿ ಮೀನಿನ ಮಿದುಳಿನ ಮಾದರಿ ಮಾಡುತ್ತಿದ್ದೇನೆ. ವಾಸನೆ ಮೂಗಿನಿಂದ ಮಿದುಳಿಗೆ ಹೋಗುವ ದಾರಿ ಅದರಲ್ಲಿ ಕಾಣಬೇಕು. ಮೂಗಿನ ಕಡೆಯ ಕೆಲಸ ಈಗ ಮುಗಿದಿದೆ.

ಮಣ್ಣು ಕಲಸುವ ಮೊದಲು ನಿಜವಾದ ತಲೆ ನೋಡಲೇಬೇಕಿತ್ತು. ಶಿವಮೊಗ್ಗದ ಮೀನು ಮಾರ್ಕೆಟ್ಟಿನಲ್ಲಿ ಗೆಂಡೆ ತಲೆ, ಜಿಲೇಬಿ ಮೀನಿನ (ತಿಲಾಪಿಯಾ) ತಲೆ ಎರಡೂ ಕೇಳಿದೆ. "ಬರೀ ತಲೆನಾ ಮೇಷ್ಟ್ರೇ, ಸಾರಿಗಾ?" ಅಂದರು ಮೀನು ಮಾರುವ ಅಕ್ಕ. ಮಿದುಳು ನೋಡೋಕೆ ಅಂದೆ. ದೊಡ್ಡ ತಲೆಗಳನ್ನೇ ಆರಿಸಿ, ಮೂಗಿಗೆ ಕತ್ತಿ ತಾಗದ ಹಾಗೆ ಕೊಯ್ದು ಕೊಟ್ಟರು.

ಗೆಂಡೆಗೆ ಒಂದೊಂದು ಬದಿಗೂ ಎರಡೆರಡು ಹೊಳ್ಳೆ, ನಡುವೆ ಚರ್ಮದ ಸಣ್ಣ ಪರದೆ. ಮುಂದಿನ ಹೊಳ್ಳೆಯಿಂದ ನೀರು ಒಳಗೆ, ಹಿಂದಿನದರಿಂದ ಹೊರಗೆ. ಉಸಿರಾಡಲು ಕಿವಿರು ಇದೆಯಲ್ಲ, ಮೂಗು ವಾಸನೆಗಷ್ಟೇ. ಜಿಲೇಬಿಗೆ ಬದಿಗೊಂದೇ ಹೊಳ್ಳೆ. ಗೆಂಡೆಯ ಪರದೆ ಕತ್ತರಿಸಿದರೆ ಒಳಗೆ ಜರಿಗಿಡದ ಎಲೆಯ ಹಾಗೆ ನಡುವೆ ದಂಟು, ಎರಡೂ ಕಡೆ ತೆಳ್ಳನೆಯ ಮಡಿಕೆಗಳು. ವಾಸನೆ ಹಿಡಿಯುವ ನರಕೋಶ ಇರುವುದು ಆ ಮಡಿಕೆಗಳ ಮೇಲೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದರ ಹಿಂದೆ ಇರುವುದು. ತಲೆಬುರುಡೆಯ ಮೇಲ್ಭಾಗ ಚೂರು ಚೂರಾಗಿ ತೆಗೆದು, ಮಿದುಳಿನ ಸುತ್ತಲ ಕೊಬ್ಬು ಸರಿಸಿದಾಗ ಎರಡು ಬಿಳಿ ಎಳೆಗಳು ಮೂಗಿನ ಕಡೆ ಹೋಗುವುದು ಕಂಡಿತು. ವಾಸನೆಯ ಮೊದಲ ಕೇಂದ್ರ, ಅಂದರೆ ಆಲ್ಫ್ಯಾಕ್ಟರಿ ಬಲ್ಬ್, ಗೆಂಡೆಯಲ್ಲಿ ಮೂಗಿಗೇ ಅಂಟಿಕೊಂಡಿದೆ. ಮುಮ್ಮಿದುಳು ಎಷ್ಟೋ ಹಿಂದೆ. ಜಿಲೇಬಿಯಲ್ಲಿ ಬಲ್ಬ್ ಮುಮ್ಮಿದುಳಿನ ತುದಿಗೇ ಕೂತಿದೆ. ಮಾದರಿಗೆ ನಾನು ಗೆಂಡೆಯನ್ನೇ ಹಿಡಿದದ್ದು ಆ ಉದ್ದನೆಯ ಎಳೆಗಾಗಿ.

ಯಾಕೆಂದರೆ ಆ ಎಳೆ ಒಂದೇ ಅಲ್ಲ, ಕಂತೆ. ಗೆಂಡೆಯ ಹತ್ತಿರದ ಸಂಬಂಧಿ ಕ್ರೂಷಿಯನ್ ಕಾರ್ಪ್‌ನಲ್ಲಿ ನಾರ್ವೆಯ ಸಂಶೋಧಕರು ಕಂತೆಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ನೋಡಿದರು. ಹೊರಬದಿಯ ಕಂತೆ ಆಹಾರದ ವಾಸನೆಗೆ. ಒಳಬದಿಯದು ಮತ್ತೆ ಎರಡು ಭಾಗ: ಒಂದು ಅಪಾಯಕ್ಕೆ, ಇನ್ನೊಂದು ಸಂತಾನದ ಕೆಲಸಕ್ಕೆ. ಅಪಾಯದ ವಾಸನೆ ಇದೆ ಅಂತ 1938ರಲ್ಲೇ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಬರೆದಿದ್ದರು. ಗಾಯಗೊಂಡ ಮೀನಿನ ಚರ್ಮದಿಂದ ಅದು ನೀರಿಗೆ ಸೇರಿದರೆ ಜೊತೆಯ ಮೀನುಗಳು ಬೆದರುತ್ತವೆ. ಮಾದರಿಯಲ್ಲಿ ಅಪಾಯದ ಕಂತೆಗೆ ಕೆಂಪು ವೈರು, ಆಹಾರಕ್ಕೆ ಹಸಿರು, ಸಂತಾನಕ್ಕೆ ಹಳದಿ. ಮುಂಗಾರಲ್ಲಿ ಮೊಟ್ಟೆಯಿಡಲು ನೀರಿಗೆದುರಾಗಿ ಹತ್ತಿ ಬರುವ ‘ಹತ್ತುಮೀನು’ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಹಳದಿಯ ಕೆಲಸ ಜಾಸ್ತಿ ವಿವರಿಸಬೇಕಿಲ್ಲ.

ಬಲ್ಬ್ ಒಳಗೂ ಹೀಗೇ ವಿಂಗಡಣೆ. ವಾಸನೆಯ ಕಣ ಹಿಡಿಯುವ ಗ್ರಾಹಕ ಒಂದೇ ಬಗೆಯದು ಇರುವ ನರಕೋಶಗಳು ಮೂಗಿನಲ್ಲಿ ಎಲ್ಲೆಲ್ಲೋ ಹರಡಿದ್ದರೂ, ಅವುಗಳ ಎಳೆಗಳು ಬಲ್ಬ್‌ನಲ್ಲಿ ತಮ್ಮದೇ ಗಂಟಿಗೆ ಬಂದು ಸೇರುತ್ತವೆ. ಜೀಬ್ರಾ ಮೀನಿನಲ್ಲಿ ಇಂಥ ಗಂಟು ಸುಮಾರು 140. ಅಮೈನೋ ಆಮ್ಲ, ಅಂದರೆ ಊಟದ ಸುಳಿವು, ಹೊರಬದಿಯ ಗಂಟುಗಳಿಗೆ. ಪಿತ್ತದ ಲವಣ ಒಳಬದಿಯವಕ್ಕೆ. ಸಾಸಿವೆ ಕಾಳು ಅಂಟಿಸಿ ಗಂಟು ಮಾಡಿದ್ದೇನೆ, ಚೆನ್ನಾಗಿ ಕೂತಿವೆ.

ಇನ್ನು ಮುಮ್ಮಿದುಳು ಬಾಕಿ. ನಮ್ಮಲ್ಲಿ ಭ್ರೂಣದ ಮುಮ್ಮಿದುಳಿನ ಗೋಡೆ ಒಳಕ್ಕೆ ಬಾಗುತ್ತೆ, ಈ ಮೀನುಗಳಲ್ಲಿ ಹೊರಕ್ಕೆ ಮಗುಚುತ್ತೆ. ಹಸಿರು ವೈರು ಹಿಂಬದಿಯ ಹೊರಭಾಗಕ್ಕೆ ಹೋಗಬೇಕು, ಕೆಂಪು ಮತ್ತು ಹಳದಿ ಹೆಚ್ಚಾಗಿ ಕೆಳಭಾಗಕ್ಕೆ. ಎಡ ಅರ್ಧವನ್ನು ಪಾರದರ್ಶಕ ಹಾಳೆಯಲ್ಲಿ ಮಾಡಿ, ವೈರಿನ ತುದಿ ಕಾಣುವ ಹಾಗೆ ಬಿಡುತ್ತೇನೆ.