ಅಮ್ಮನ ಜೊತೆ ಮಕಾವಿನ ಇಗರ್ಜಿ ಸುತ್ತಾಟ

ಹಿಂದೆ ಪೋರ್ಚುಗೀಸರ ಕೈಯಲ್ಲಿದ್ದು ಈಗ ಚೀನಾಕ್ಕೆ ಸೇರಿರುವ ಮಕಾವುಗೆ ಹೋಗಿ ಬಂದವರ ಫೋಟೋಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಸಂತ ಪೌಲರ ಇಗರ್ಜಿಯ ಮುಂಗೋಡೆ, ಒಂದು ಕಸಿನೊ, ಒಂದು ಎಗ್ ಟಾರ್ಟ್. ಹಾಂಗ್‌ಕಾಂಗ್‌ನಿಂದ ಬೆಳಿಗ್ಗೆ ಸೇತುವೆ ದಾಟಿ ಬಂದು ಸಂಜೆ ವಾಪಸ್ ಹೋಗುವವರಿಗೆ ಅಷ್ಟಕ್ಕೇ ಹೊತ್ತು ಸಾಲುತ್ತದೆ. ನನ್ನ ಸಲಹೆ ಏನೆಂದರೆ, ಆ ಮುಂಗೋಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಊರಿನ ದಕ್ಷಿಣ ತುದಿಯಲ್ಲಿರುವ ಆ-ಮಾ ದೇವಸ್ಥಾನದಿಂದ ಉತ್ತರಕ್ಕೆ ನಡೆದು ಬನ್ನಿ. ಜನಜಂಗುಳಿ ಎದುರಿನಿಂದ ಬರುತ್ತದೆ, ನೀವು ಅದರ ವಿರುದ್ಧ ಹೋಗುತ್ತೀರಿ. ಪೋರ್ಚುಗೀಸರ ಈ ಊರನ್ನು ನಿಜಕ್ಕೂ ಕಟ್ಟಿದವರು ಯಾರು ಅನ್ನೋದು ಆಗ ತಾನಾಗಿ ಗೊತ್ತಾಗುತ್ತದೆ.

ನನ್ನ ಜೊತೆಗೆ ಬಂದಿದ್ದು ಅಮ್ಮ. ಮಂಗಳೂರಿನ ಕ್ರೈಸ್ತ ಮನೆತನ, ಮಂಡಿನೋವು, ಜೊತೆಗೆ ಸಂತ ಫ್ರಾನ್ಸಿಸ್ ಝೇವಿಯರ್ ಮೇಲೆ ಅಪಾರ ಭಕ್ತಿ. ಹಳೆ ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನಕ್ಕೆ ಸಾಲಿನಲ್ಲಿ ನಿಂತು ಅವರ ದೇಹ ನೋಡಿ ಬಂದವರು. ಆ ಸಂತರ ತೋಳಿನ ಮೂಳೆ ಮಕಾವಿನಲ್ಲಿದೆ ಎಂದು ನಾನು ಹೇಳಿದ್ದೇ ತಡ, ಟಿಕೆಟ್ ಮಾಡು ಅಂದರು.

ಆ-ಮಾ ದೇವಸ್ಥಾನ ಪೋರ್ಚುಗೀಸರಿಗಿಂತ ಹಳೆಯದು. ಅವರು ಇಲ್ಲಿ ನೆಲೆ ನಿಂತದ್ದು 1557ರಲ್ಲಿ. ಸಮುದ್ರದ ದೇವತೆಯ ಗುಡಿ ಅದಕ್ಕೂ ಮೊದಲೇ ಇತ್ತು. ಚಾವಣಿಯಿಂದ ದೊಡ್ಡ ದೊಡ್ಡ ಊದುಬತ್ತಿ ಸುರುಳಿಗಳು ಇಳಿಬಿದ್ದಿರುತ್ತವೆ. ಬೂದಿ ತಲೆ ಮೇಲೆ ಬೀಳುತ್ತದೆ, ನೋಡಿಕೊಳ್ಳಿ.

ಅಲ್ಲಿಂದ ಏರಿನ ದಾರಿಯಲ್ಲಿ ಸ್ವಲ್ಪ ನಡೆದರೆ ಹಳದಿ-ಬಿಳಿ ಬಣ್ಣದ, ಕಮಾನುಗಳ ಉದ್ದನೆಯ ಕಟ್ಟಡ ಸಿಗುತ್ತದೆ. ಮೂರಿಶ್ ಬ್ಯಾರಕ್ಸ್ ಅಂತ ಹೆಸರು. ನೋಡಿದರೆ ಅರಬ್ ದೇಶದ್ದು ಅನ್ನಿಸುತ್ತದೆ. ಕಟ್ಟಿದ್ದು 1874ರಲ್ಲಿ, ನಕ್ಷೆ ಮಾಡಿದ್ದು ಇಟಲಿಯವನೊಬ್ಬ, ಇರಲು ಬಂದವರು ಗೋವಾದಿಂದ ಕರೆತಂದ ಪಡೆಯವರು! ಊರಿನ ಪೊಲೀಸ್ ಬಲ ಹೆಚ್ಚಿಸಲು ಅವರನ್ನು ಹಡಗು ಹತ್ತಿಸಿದ್ದರು. ಈಗ ಅಲ್ಲಿ ಬಂದರು ಇಲಾಖೆಯ ಕಚೇರಿ ಇದೆ. ಪ್ರವಾಸಿಗರಿಗೆ ಜಗಲಿ ಮಾತ್ರ. ಅಮ್ಮ ಅಲ್ಲೇ ಕಮಾನಿನ ಕೆಳಗೆ ನಿಂತು ಉಸಿರು ತೆಗೆದುಕೊಂಡರು. "ಇಷ್ಟು ದೂರ ಬಂದು ಆ ಹುಡುಗರು ಊಟಕ್ಕೆ ಏನು ಮಾಡಿಕೊಂಡರೋ" ಅನ್ನೋದೇ ಅವರ ಚಿಂತೆ. ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಲಿಲಾವು ಚೌಕದಲ್ಲಿ ಆಲದ ಮರದ ನೆರಳಿದೆ, ಕೂರಲು ಜಾಗವಿದೆ. ಲಿಲಾವು ನೀರು ಕುಡಿದವರು ಮಕಾವನ್ನು ಮರೆಯಲ್ಲ ಅಂತ ಹಳೆಯ ಮಾತೊಂದಿದೆ. ಪಕ್ಕದಲ್ಲೇ ಝೆಂಗ್ ಗ್ವಾನ್‌ಯಿಂಗ್ ಎಂಬ ಚೀನೀ ಚಿಂತಕನ ದೊಡ್ಡ ತೊಟ್ಟಿಮನೆ ಇದೆ. ಚೆನ್ನಾಗಿದೆ, ಆದರೆ ನಾವು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಸಂತ ಲಾರೆನ್ಸರ ಇಗರ್ಜಿಯಲ್ಲಿ ನಿಂತೆವು. ಹಿಂದೆ ಇಲ್ಲಿಂದ ಸಮುದ್ರ ಕಾಣುತ್ತಿತ್ತು. ಕಡಲಿಗೆ ಹೋದ ಗಂಡಸರ ದಾರಿ ಕಾಯುತ್ತಾ ಮನೆಯವರು ಇದರ ಮೆಟ್ಟಿಲ ಮೇಲೆ ಸೇರುತ್ತಿದ್ದರಂತೆ. ಈಗ ಸುತ್ತ ಮನೆ, ಅಂಗಡಿ, ಸ್ಕೂಟರ್. ಒಳಗೆ ತಲೆ ಎತ್ತಿ ನೋಡಿ. ಮರದ ಚಾವಣಿಗೆ ನೀಲಿ-ಹಸಿರು ಬಣ್ಣ, ಅಂಚಿಗೆ ಚಿನ್ನದ ಗೆರೆ. ಹೊರಗಡೆ ಚಾವಣಿಗೆ ಹೊದಿಸಿರುವುದು ಚೀನೀ ಹಂಚು. ಯುರೋಪಿನ ನಕ್ಷೆಗೆ ಸ್ಥಳೀಯ ಮೇಸ್ತ್ರಿಯ ಕೈ ಸೇರಿದ್ದು ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಇಲ್ಲಿ.

ಇನ್ನು ಅಮ್ಮ ಬಂದದ್ದೇ ಯಾವುದಕ್ಕೋ ಆ ಜಾಗ. ಸಂತ ಜೋಸೆಫರ ಸೆಮಿನರಿಯ, ಅಂದರೆ ಪಾದ್ರಿಗಳಾಗಲು ಓದುವ ಶಾಲೆಯ ಇಗರ್ಜಿ. 1758ರಲ್ಲಿ ಮುಗಿದ ಕಟ್ಟಡ. ಬೀದಿಯಿಂದ ಅಗಲವಾದ ಕಲ್ಲಿನ ಮೆಟ್ಟಿಲು, ಒಳಗೆ ದುಂಡಗಿನ ಗುಮ್ಮಟ, ಪೀಠದ ಪಕ್ಕ ತಿರುಚಿದ ಕಂಬಗಳು. ಜನ ತುಂಬಾ ಕಡಿಮೆ. ಸಂತರ ಬಲತೋಳಿನ ಮೂಳೆ ಇಲ್ಲಿ ಗಾಜಿನ ಹಿಂದೆ ಇದೆ.

ಅದು ಇಲ್ಲಿಗೆ ಬಂದ ಕಥೆ ದೊಡ್ಡದು. ಫ್ರಾನ್ಸಿಸ್ ಝೇವಿಯರ್ ತೀರಿಕೊಂಡದ್ದು 1552ರಲ್ಲಿ, ಮಕಾವಿನಿಂದ ತೀರಾ ದೂರವಲ್ಲದ ಶಾಂಗ್‌ಚುವಾನ್ ದ್ವೀಪದಲ್ಲಿ. ಚೀನಾದ ಒಳಗೆ ಹೋಗಬೇಕೆಂದು ಕಾಯುತ್ತಿದ್ದರು, ಆಗಲಿಲ್ಲ. ದೇಹ ಮಲಕ್ಕಾಕ್ಕೆ ಹೋಯಿತು, ಅಲ್ಲಿಂದ ಗೋವಾಕ್ಕೆ. 1614ರಲ್ಲಿ ಬಲಗೈಯ ಮುಂದಿನ ಭಾಗವನ್ನು ತೆಗೆದು ರೋಮಿಗೆ ಕಳಿಸಿದರು. ಆಮೇಲೆ ಮೇಲ್ತೋಳಿನ ಮೂಳೆ ಪೂರ್ವಕ್ಕೆ ಹೊರಟಿತು. ಅದು ಮುಟ್ಟಬೇಕಾಗಿದ್ದದ್ದು ಜಪಾನ್. ಆದರೆ ಅಲ್ಲಿ ಆಗ ಕ್ರೈಸ್ತರನ್ನು ಹಿಡಿದು ಕೊಲ್ಲುತ್ತಿದ್ದರು. ಹಾಗಾಗಿ ಮೂಳೆ ಮಕಾವಿನಲ್ಲೇ ಉಳಿಯಿತು. ಮೊದಲು ಸಂತ ಪೌಲರ ಇಗರ್ಜಿಯಲ್ಲಿತ್ತು, ಅದು ಸುಟ್ಟ ಮೇಲೆ ಬೇರೆ ಬೇರೆ ಕಡೆ ಇಟ್ಟು ಕೊನೆಗೆ ಇಲ್ಲಿಗೆ ತಂದರು.

ಅಮ್ಮ ಮಂಡಿಯೂರಲು ಹೋದರು. ನಾನು ಬೇಡ ಅಂದೆ, ಕೇಳಲಿಲ್ಲ. ಕೊಂಕಣಿಯಲ್ಲಿ ಇಡೀ ಪ್ರಾರ್ಥನೆ ಮುಗಿಸಿಯೇ ಎದ್ದರು. ಪಕ್ಕದ ಬೆಂಚಿನಲ್ಲಿದ್ದ ಫಿಲಿಪ್ಪೀನ್ಸ್ ಹೆಂಗಸೊಬ್ಬರು ಕೈ ಹಿಡಿದು ಎಬ್ಬಿಸಿದರು. ಅವರು ಇಲ್ಲಿ ಮನೆಕೆಲಸಕ್ಕೆ ಬಂದವರಂತೆ. ನನ್ನ ಕಡೆ ತಿರುಗಿಯೂ ನೋಡದೆ ಇಬ್ಬರೂ ಹರಕುಮುರುಕು ಇಂಗ್ಲಿಷಿನಲ್ಲಿ ಮಕ್ಕಳು, ಸಂಬಳ, ಮಂಡಿನೋವು ಎಲ್ಲ ಮಾತಾಡಿಕೊಂಡರು.

ಸಂತ ಆಗಸ್ಟೀನರ ಚೌಕ ಪಕ್ಕದಲ್ಲೇ ಇದೆ. ಅಲ್ಲಿನ ಇಗರ್ಜಿಯನ್ನು 1591ರಲ್ಲಿ ಶುರು ಮಾಡಿದ್ದು ಸ್ಪೇನಿನ ಪಾದ್ರಿಗಳು. ಮಳೆ ತಡೆಯಲು ತಾಳೆ ಗರಿ ಹೊದಿಸುತ್ತಿದ್ದರಂತೆ. ಎದುರಿಗೆ 1860ರ ತಿಳಿಹಸಿರು ನಾಟಕಶಾಲೆ, ಚೀನಾದಲ್ಲೇ ಮೊದಲ ಪಾಶ್ಚಾತ್ಯ ಶೈಲಿಯದ್ದು.

ಅಲ್ಲಿಂದ ಇಳಿದರೆ ಸೆನಾಡೊ ಚೌಕ, ಮತ್ತು ಜನಸಾಗರ. ಅಲೆಅಲೆಯಾಗಿ ಕಪ್ಪು-ಬಿಳಿ ಕಲ್ಲು ಹಾಸಿದ ನೆಲವನ್ನು ಎಲ್ಲರೂ ನಾನೂರು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಅದನ್ನು ಹಾಸಿದ್ದು 1990ರ ದಶಕದಲ್ಲಿ. 1999ರ ಡಿಸೆಂಬರ್ 20ಕ್ಕೆ ಊರನ್ನು ಚೀನಾಕ್ಕೆ ಒಪ್ಪಿಸುವುದು ಆಗಲೇ ನಿಗದಿಯಾಗಿತ್ತು. ಮನೆ ಖಾಲಿ ಮಾಡುವ ಮುಂಚೆ ಯಾರಾದರೂ ನೆಲಕ್ಕೆ ಕಲ್ಲು ಹಾಕಿಸುತ್ತಾರಾ? ಇವರು ಹಾಕಿಸಿದರು. ಚೌಕದ ತುದಿಯ ಕೆನೆಹಳದಿ ಬಣ್ಣದ ಸಂತ ಡೊಮಿನಿಕರ ಇಗರ್ಜಿ ಫೋಟೋಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಶುರು ಮಾಡಿದವರೂ ಪೋರ್ಚುಗೀಸರಲ್ಲ. 1587ರಲ್ಲಿ ಮೆಕ್ಸಿಕೊದ ಅಕಾಪುಲ್ಕೊದಿಂದ ಬಂದ ಮೂವರು ಸ್ಪೇನ್ ಪಾದ್ರಿಗಳು.

ಅಲ್ಲಿಂದ ಸಂತ ಪೌಲರ ಇಗರ್ಜಿಗೆ ಹೋಗುವ ಬೀದಿಯಲ್ಲಿ ಅಂಗಡಿಯವರು ತಿಂಡಿಯ ಚೂರುಗಳನ್ನು ಕೈಗೇ ಕೊಡುತ್ತಾರೆ. ಬಾದಾಮಿ ಬಿಸ್ಕತ್ತು ಅನ್ನುತ್ತಾರೆ, ಮುಖ್ಯ ಸಾಮಾನು ಹೆಸರುಬೇಳೆ ಹಿಟ್ಟು. ಬಾಯಿಗೆ ಹಾಕಿದ ತಕ್ಷಣ ಹೆಸರುಂಡೆಯ ಹಾಗೆ ಪುಡಿಯಾಗುತ್ತದೆ. ಕೆಲವರು ಹಂದಿ ಕೊಬ್ಬು ಬಳಸುತ್ತಾರೆ, ಸಸ್ಯಾಹಾರಿಗಳು ಕೇಳಿ ತೆಗೆದುಕೊಳ್ಳಿ.

ಮುಂಗೋಡೆಯ ಎದುರು ಮೆಟ್ಟಿಲ ತುಂಬ ಜನ. ಎಲ್ಲರ ಬೆನ್ನೂ ಗೋಡೆಗೆ, ಮುಖ ಮೊಬೈಲಿಗೆ. ನಾವು ಮೇಲೆ ಹತ್ತಿ ಗೋಡೆಯ ಕಡೆ ತಿರುಗಿ ಕೂತೆವು. ಇಗರ್ಜಿ ಶುರುವಾಗಿದ್ದು 1602ರಲ್ಲಿ, ಮುಂಗೋಡೆ ಮುಗಿದದ್ದು 1640ರಲ್ಲಿ. 1835ರ ಬೆಂಕಿಯಲ್ಲಿ ಉಳಿದೆಲ್ಲ ಹೋಯಿತು, ಇದೊಂದು ನಿಂತಿತು. ನಕ್ಷೆ ಇಟಲಿಯ ಕಾರ್ಲೊ ಸ್ಪಿನೊಲಾ ಎಂಬ ಜೆಸ್ವಿಟ್ ಪಾದ್ರಿಯದು ಎನ್ನುತ್ತಾರೆ. ಕಲ್ಲು ಕೆತ್ತಿದವರಲ್ಲಿ ಜಪಾನಿನಿಂದ ಓಡಿಬಂದ ಕ್ರೈಸ್ತರಿದ್ದರು, ಚೀನೀ ಕುಶಲಕರ್ಮಿಗಳಿದ್ದರು. ಅವರ ಗುರುತು ಹುಡುಕುವುದೇ ಇಲ್ಲಿನ ಮಜಾ. ಚೀನೀ ಸಿಂಹಗಳಿವೆ. ಸೇವಂತಿಗೆ ಹೂ ಇದೆ. ಏಳು ತಲೆಯ ಹಾವಿನಂಥ ಪ್ರಾಣಿಯನ್ನು ಮರಿಯಮ್ಮ ತುಳಿಯುತ್ತಿದ್ದಾಳೆ, ಪಕ್ಕದಲ್ಲಿ ಅದು ಏನೆಂದು ಚೀನೀ ಅಕ್ಷರದಲ್ಲಿ ಬರೆದಿದೆ. ಇನ್ನೊಂದು ಕಡೆ ಮಲಗಿದ ಅಸ್ಥಿಪಂಜರ, ಸಾವನ್ನು ನೆನೆಸಿಕೊಂಡರೆ ಪಾಪ ಮಾಡುವುದಿಲ್ಲ ಎಂಬ ಚೀನೀ ಸಾಲು. ಓದಲು ಬಾರದ ಪರದೇಶಿ ವ್ಯಾಪಾರಿಗಿಂತ ಬೀದಿಯಲ್ಲಿ ಹೋಗುವ ಸ್ಥಳೀಯನಿಗೆ ಹೇಳಿದ ಮಾತು ಅದು.

ಕೆಳಗಿನಿಂದ ಎರಡನೇ ಅಂತಸ್ತಿನಲ್ಲಿ ನಾಲ್ಕು ಕಂಚಿನ ಮೂರ್ತಿಗಳಿವೆ, ನಾಲ್ವರೂ ಜೆಸ್ವಿಟರು. ಅಮ್ಮ ಫ್ರಾನ್ಸಿಸ್ ಝೇವಿಯರನ್ನು ಕಂಡುಹಿಡಿದರು. ಅವರ ಪಕ್ಕದಲ್ಲಿ, ಬಲತುದಿಗೆ ಇರುವುದು ಅಲೋಶಿಯಸ್ ಗೊನ್ಝಾಗ. ಮಂಗಳೂರಿನವರಿಗೆ ಆ ಹೆಸರು ಹೊಸದಾಗಿ ಹೇಳಬೇಕಾ? ನಾನು ಓದಿದ ಕಾಲೇಜಿನ ಸಂತ ಚೀನಾದಲ್ಲಿ ಸಿಕ್ಕಿದ್ದಕ್ಕೆ ನನಗೂ ಖುಷಿಯಾಯಿತು.

ಗೋಡೆಯ ಹಿಂದಕ್ಕೆ ಹೋಗದೆ ವಾಪಸ್ ಬರಬೇಡಿ. ಇಗರ್ಜಿ ಇದ್ದ ಜಾಗ ಈಗ ಬಯಲು. ಅದರ ತುದಿಯಲ್ಲಿ ನೆಲಮಾಳಿಗೆ ಇದೆ, ಜಪಾನ್ ಮತ್ತು ವಿಯೆಟ್ನಾಮಿನ ಹುತಾತ್ಮರ ಮೂಳೆಗಳನ್ನು ಗಾಜಿನ ಗೂಡುಗಳಲ್ಲಿ ಇಟ್ಟಿದ್ದಾರೆ. ನಕ್ಷೆ ಮಾಡಿದ ಸ್ಪಿನೊಲಾನನ್ನೂ 1622ರಲ್ಲಿ ನಾಗಾಸಾಕಿಯಲ್ಲಿ ಕೊಂದರು. ಪಕ್ಕದಲ್ಲೇ ನಾಚಾ ಎಂಬ ಚೀನೀ ಬಾಲದೇವತೆಯ 1888ರ ಪುಟ್ಟ ಗುಡಿ, ಅದಕ್ಕೆ ತಾಗಿ ಹಳೆಯ ಕೋಟೆಗೋಡೆಯ ಒಂದು ತುಂಡು. ಮಣ್ಣು, ಮರಳು, ಭತ್ತದ ಹುಲ್ಲು, ಸಿಂಪಿ ಚಿಪ್ಪು ಸೇರಿಸಿ ಬಡಿದು ಕಟ್ಟಿದ್ದು. ಇದರ ಫೋಟೋ ತೆಗೆಯುವವರು ನಾನೊಬ್ಬಳೇ ಇದ್ದೆ.

ಪಕ್ಕದ ಗುಡ್ಡದ ಮೇಲಿನ ಮೊಂಟೆ ಕೋಟೆ ಹತ್ತಬೇಕಾದರೆ ಮಂಡಿನೋವಿನವರು ಹೆದರಬೇಕಿಲ್ಲ, ಮ್ಯೂಸಿಯಂ ಕಡೆಯಿಂದ ಎಸ್ಕಲೇಟರ್ ಇದೆ. 1622ರ ಜೂನ್ 24ರಂದು ಡಚ್ಚರು ದಾಳಿ ಮಾಡಿದಾಗ ಕೋಟೆ ಇನ್ನೂ ಅರ್ಧಂಬರ್ಧ. ಪಾದ್ರಿಗಳೇ ಇಲ್ಲಿಂದ ಫಿರಂಗಿ ಹಾರಿಸಿದರು, ಗುಂಡು ಡಚ್ಚರ ಮದ್ದಿನ ಪೀಪಾಯಿಗೆ ಬಿದ್ದು ಅವರ ಪಡೆ ಚದುರಿತು. ಈಗ ಫಿರಂಗಿಯ ಬಾಯಿಗೆ ನೇರವಾಗಿ ಗ್ರ್ಯಾಂಡ್ ಲಿಸ್ಬೋವಾ ಕಸಿನೊ ಕಾಣುತ್ತದೆ. ಎಲ್ಲರೂ ಆ ಫೋಟೋ ತೆಗೆಯುತ್ತಾರೆ, ನಾವೂ ತೆಗೆದೆವು.

ದುಡ್ಡಿನ ಬಗ್ಗೆ ಒಂದು ಮಾತು. ಅಂಗಡಿಗಳಲ್ಲಿ ಹಾಂಗ್‌ಕಾಂಗ್ ಡಾಲರ್ ನಡೆಯುತ್ತದೆ, ಚಿಲ್ಲರೆ ಮಾತ್ರ ಮಕಾವಿನ ಸ್ವಂತ ಹಣವಾದ ಪಟಾಕದಲ್ಲಿ ವಾಪಸ್ ಬರಬಹುದು. ಬಸ್ಸಿಗೆ 6 ಪಟಾಕ, ಡ್ರೈವರ್ ಚಿಲ್ಲರೆ ಕೊಡಲ್ಲ. ಊರು ಬಿಟ್ಟ ಮೇಲೆ ಪಟಾಕ ಬದಲಿಸಿಕೊಡುವವರು ಸಿಗೋದು ಕಷ್ಟ. ಆದ್ದರಿಂದ ಬಸ್ಸಿಗೆ ಬೇಕಾದಷ್ಟು ನಾಣ್ಯ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಮುಗಿಸಿ.