ಸಿಹಿಗೆ ಹುಳಿಯೇ ಆಸರೆ

ಜನವರಿಯ ಒಂದು ಭಾನುವಾರ, ಮೂಡಿಗೆರೆ ಕಡೆಯ ತೋಟದ ಮನೆಯೊಂದರಲ್ಲಿ ಸಿಹಿ ಮದ್ಯದ ಮೂರು ಬಾಟಲಿ ಒಟ್ಟಿಗೆ ತೆರೆದೆವು: ಕೆನಡಾದ ಐಸ್‌ವೈನ್, ಹಂಗೇರಿಯ ಟೊಕಾಯ್ ಅಸೂ, ಫ್ರಾನ್ಸಿನ ಕ್ರೆಮ್ ದ ಕಸಿಸ್. ಜೊತೆಗೆ ತೋಟದ ಕಿತ್ತಳೆ ಸಿಪ್ಪೆಯಿಂದ ಮಾಡಿಟ್ಟ ಲಿಕ್ಯೂರ್, ಅಂದರೆ ಮದ್ಯದಲ್ಲಿ ನೆನೆಸಿ ಸಕ್ಕರೆ ಬೆರೆಸಿದ ಪಾನೀಯ.

ಐಸ್‌ವೈನಿನ ಮೊದಲ ಗುಟುಕಿಗೇ ಪ್ರಶ್ನೆ ಬಂತು. "ಅಣ್ಣಾ, ಇದು ಹುಳಿ ಹೊಡೀತಿದೆ, ಕೆಟ್ಟಿದೆಯಾ?"

"ಕೆಟ್ಟಿಲ್ಲ ಕಣೋ. ಬಾಯಲ್ಲಿ ಹೋಳಿಗೆ ಇದೆಯಲ್ಲ, ಅದಕ್ಕೆ."

ಸಿಹಿ ವೈನಿಗಿಂತ ತಿಂಡಿ ಹೆಚ್ಚು ಸಿಹಿಯಾದರೆ ವೈನಿನ ಸಿಹಿ ನಾಲಿಗೆಗೆ ಗೊತ್ತಾಗುವುದಿಲ್ಲ, ಹುಳಿ ಮಾತ್ರ ಉಳಿಯುತ್ತದೆ. ಹೋಳಿಗೆ ಎತ್ತಿಟ್ಟು ಉಪ್ಪು ಹಾಕಿ ಹುರಿದ ಗೋಡಂಬಿ, ಕೋಡುಬಳೆ ತಂದ ಮೇಲೆ ಅದೇ ಐಸ್‌ವೈನಿನಲ್ಲಿ ಜೇನು, ಏಪ್ರಿಕಾಟ್ ವಾಸನೆ ಎದ್ದು ಬಂತು. ಟೊಕಾಯ್ ಮೆಣಸು ಹಾಕಿದ ಹಂದಿ ಫ್ರೈಗೂ ಸೊಗಸಾಗಿ ಹೊಂದಿತು.

ಆ ಹುಳಿ ದೋಷವಲ್ಲ, ಅದೇ ಇದರ ಬೆನ್ನೆಲುಬು. ಚಳಿ ನಾಡಿನ ದ್ರಾಕ್ಷಿ ನಿಧಾನವಾಗಿ ಹಣ್ಣಾಗುವುದರಿಂದ ಆಮ್ಲ ಅಷ್ಟಾಗಿ ಕರಗಿಹೋಗುವುದಿಲ್ಲ. ಕೆನಡಾದಲ್ಲಿ ಐಸ್‌ವೈನಿಗೆ ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು, ಮೈನಸ್ 8 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದಾಗ ಕೊಯ್ದು, ಹೆಪ್ಪುಗಟ್ಟಿದ ಹಾಗೆಯೇ ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಹಿಂದೆ ಉಳಿಯುತ್ತದೆ. ಸಕ್ಕರೆ, ಹುಳಿ ಎರಡೂ ಗಟ್ಟಿಯಾಗಿ ಇಳಿಯುತ್ತವೆ. ಸಕ್ಕರೆಯನ್ನು ಆಲ್ಕೋಹಾಲಾಗಿಸುವ ಯೀಸ್ಟ್ ಅಷ್ಟು ಸಕ್ಕರೆಯಲ್ಲಿ ಏದುಸಿರು ಬಿಡುತ್ತದೆ, ಆಲ್ಕೋಹಾಲು ಸಾಮಾನ್ಯವಾಗಿ ಶೇ. 9ರಿಂದ 12ರ ಆಸುಪಾಸಿಗೇ ನಿಲ್ಲುತ್ತದೆ. ಚಳಿ ಕೈಕೊಟ್ಟರೆ ಬೆಳೆಯೇ ಇಲ್ಲ: 2019ರ ದ್ರಾಕ್ಷಿಯಿಂದ ಜರ್ಮನಿಯಲ್ಲಿ ಐಸ್‌ವೈನ್ ಆಗಲೇ ಇಲ್ಲ, ಅವರಿಗೆ ಬೇಕಾದ ಮೈನಸ್ 7 ಆ ಚಳಿಗಾಲದಲ್ಲಿ ಸಿಗಲಿಲ್ಲ.

ಟೊಕಾಯ್ ದಾರಿ ಬೇರೆ. ಬೊದ್ರೊಗ್, ತೀಸಾ ನದಿಗಳ ಮುಂಜಾವಿನ ಮಂಜಿನಲ್ಲಿ ಬೋಟ್ರೈಟಿಸ್ ಬೂಷ್ಟು ಹಿಡಿದು, ಮಧ್ಯಾಹ್ನದ ಬಿಸಿಲಿಗೆ ಹಣ್ಣು ಬಾಡಿ ರಸ ಗಟ್ಟಿಯಾಗಬೇಕು. ಬಿಸಿಲು ಬಾರದೆ ಮಳೆಯೇ ಹಿಡಿದುಕೊಂಡರೆ ಅದೇ ಬೂಷ್ಟು ಗೊಂಚಲನ್ನು ಕೊಳೆಸಿಬಿಡುತ್ತದೆ. ಆಷಾಢದಲ್ಲಿ ಕಾಫಿಗೆ ಕೊಳೆರೋಗ ಬಂದದ್ದನ್ನು ಕಂಡವರಿಗೆ ಈ ಆತಂಕ ಹೊಸದಲ್ಲ. ಬಾಟಲಿಯ ಮೇಲೆ ಅಸೂ ಎಂದು ಬರೆಯಬೇಕಾದರೆ ಈಗ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು.

ಕಸಿಸ್ ವೈನಲ್ಲ, ಕಪ್ಪು ಕರಂಟ್ ಹಣ್ಣನ್ನು ಮದ್ಯದಲ್ಲಿ ನೆನೆಸಿ ಮಾಡುವ ಲಿಕ್ಯೂರ್. ಯುರೋಪಿನ ನಿಯಮದಂತೆ ಲೀಟರಿಗೆ ಕನಿಷ್ಠ 400 ಗ್ರಾಂ ಸಕ್ಕರೆ. ಅಷ್ಟಿದ್ದೂ ನಾಲಿಗೆಗೆ ಅಂಟುವುದಿಲ್ಲ, ಹಣ್ಣು ಅಷ್ಟು ಹುಳಿ.

ನಮ್ಮ ಕಿತ್ತಳೆ ಲಿಕ್ಯೂರ್ ಸೋತದ್ದು ಇಲ್ಲಿಯೇ. ಪರಿಮಳ ಚೆನ್ನಾಗಿತ್ತು, ಆದರೆ ಪಾನಕದ ಹಾಗೆ ಸಪ್ಪೆ ಸಿಹಿ. ಸಿಪ್ಪೆಯಲ್ಲಿ ಎಣ್ಣೆ ಇದೆ, ಹುಳಿ ಇಲ್ಲ. ಅಲ್ಲೇ ಸಿಟ್ರಿಕ್ ಆಮ್ಲ ಬೆರೆಸಿದೆವು, ಲೀಟರಿಗೆ 3 ಗ್ರಾಂ. ಲೋಟದಲ್ಲಿದ್ದದ್ದೇ ಬೇರೆ ಪಾನೀಯ ಅನ್ನಿಸಿತು.

ಮಾಡುವವರಿಗೆ ಲೆಕ್ಕ ಇದು. ಆರು ಕಿತ್ತಳೆಯ ಸಿಪ್ಪೆ. ಒಳಗಿನ ಬಿಳಿ ಪದರವನ್ನು ಚಮಚದಲ್ಲಿ ಕೆರೆದು ತೆಗೆಯಬೇಕು, ಇಲ್ಲವಾದರೆ ಕಹಿ. 750 ಮಿ.ಲೀ. ವೋಡ್ಕಾದಲ್ಲಿ (ಇಲ್ಲಿಯದು ಶೇ. 42.8) ಏಳೆಂಟು ದಿನ, ಕತ್ತಲಲ್ಲಿ. ಸೋಸಿದ ಮೇಲೆ 450 ಗ್ರಾಂ ಸಕ್ಕರೆಯನ್ನು 450 ಮಿ.ಲೀ. ನೀರಿನಲ್ಲಿ ಕರಗಿಸಿ, ಪೂರ್ತಿ ಆರಿಸಿ, ಮೇಲಿನ ಲೆಕ್ಕದ ಸಿಟ್ರಿಕ್ ಆಮ್ಲದ ಜೊತೆ ಸೇರಿಸಿ. ಬಿಸಿ ಪಾಕ ಸುರಿದರೆ ಪರಿಮಳವೆಲ್ಲ ಆವಿಯ ಜೊತೆ ಹೋಗುತ್ತದೆ. ಸುಮಾರು ಒಂದೂವರೆ ಲೀಟರ್ ಆಗುತ್ತದೆ: ಆಲ್ಕೋಹಾಲು ಶೇ. 21ರ ಹತ್ತಿರ, ಸಕ್ಕರೆ ಲೀಟರಿಗೆ 300 ಗ್ರಾಂ.

ಪಾಕ ಬೀಳುತ್ತಿದ್ದಂತೆ ತಿಳಿಯಾಗಿದ್ದದ್ದು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಬಹುದು. ಹೆದರಬೇಡಿ. ಶೇ. 42ರಲ್ಲಿ ಕರಗಿದ್ದ ಸಿಪ್ಪೆಯ ಎಣ್ಣೆ 21ರಲ್ಲಿ ಕರಗಿ ನಿಲ್ಲಲಾರದು, ಸಣ್ಣ ಹನಿಗಳಾಗಿ ಬೇರ್ಪಡುತ್ತದೆ. ಎರಡು ದಿನ ಫ್ರಿಜ್ಜಿನಲ್ಲಿಟ್ಟು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಪೂರ್ತಿ ತಿಳಿ ಮಾಡಲು ಹಟ ಹಿಡಿಯಬೇಡಿ, ಆ ಎಣ್ಣೆಯಲ್ಲೇ ಪರಿಮಳ ಇರುವುದು.

ಬಡಿಸುವುದು 8ರಿಂದ 10 ಡಿಗ್ರಿಯಲ್ಲಿ, ತಲೆಗೆ 50 ಮಿ.ಲೀ. ಸಾಕು, ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ತೆರೆದ ಐಸ್‌ವೈನನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಕಸಿಸ್ ಕೆಲವು ತಿಂಗಳು ಇರುತ್ತದೆ, ಅದೂ ಫ್ರಿಜ್ಜಿನಲ್ಲೇ. ಕಪಾಟಿನಲ್ಲಿಟ್ಟರೆ ಗಾಳಿ ತಾಗಿ ಆ ಕಡುಗೆಂಪು ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಹಣ್ಣಿನ ರುಚಿಯೂ ಅದರ ಜೊತೆ ಹೋಗುತ್ತದೆ.