ಖಾಲಿ ತ್ರಿಕೋನ, ಏಳದ ಸ್ಲೈಡ್

ಗಾಡಿ ಕೊನೆಗೂ ಎಳೆಯುತ್ತಿದೆ. ಈ ಒಂದು ವಾಕ್ಯ ಬರೆಯಲು ಐದು ವಾರ ಬೇಕಾಯಿತು.

ಹಿಂದಿನ ಸಲ ಬರೆದಾಗ ಟ್ಯಾಂಕಿನ ಬಣ್ಣ ಮುಗಿದಿತ್ತು, ಸೀಟು ಬಂದಿತ್ತು, ಹಿಂದಿನ ಮಡ್‌ಗಾರ್ಡ್ ಗಿಡ್ಡ ಆಗಿತ್ತು. ವೈರಿಂಗ್ ಬಗ್ಗೆ ಬರೆಯುವುದಿಲ್ಲ, ಆ ನರಕ ಎಲ್ಲರೂ ನೋಡಿದ್ದೇ. ಉಳಿದಿದ್ದು ಒಂದೇ ಆಸೆ. ಸೀಟಿನ ಕೆಳಗೆ, ಎಂಜಿನ್ ಹಿಂದೆ, ಆ ಖಾಲಿ ತ್ರಿಕೋನ. ಕೆಫೆ ರೇಸರ್ (ಹಳೆಯ ರೇಸ್ ಬೈಕಿನ ಹಾಗೆ ಬೋಳು ಮಾಡಿದ ಗಾಡಿ) ಫೋಟೋ ನೋಡಿ ಹಾಳಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರ್ ಬಾಕ್ಸ್ (ಫಿಲ್ಟರ್ ಕೂರುವ ಡಬ್ಬಿ) ಇಲ್ಲ, ಸೈಡ್ ಪ್ಯಾನೆಲ್ ಇಲ್ಲ, ಬ್ಯಾಟರಿ ಎಲ್ಲೋ ಅಡಗಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್, ಅದರ ಬಾಯಿಗೆ ಒಂದು ಪುಟ್ಟ ಕೋನ್ ಫಿಲ್ಟರ್. ಅದರ ಹಿಂದೆ ಗೋಡೆ ಕಾಣಬೇಕು. ಅಷ್ಟೇ ಬೇಕಿತ್ತು ನನಗೆ.

ಹೊಸದಾಗಿ ಓದುವವರಿಗೆ: ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಹೊಸ ಎಂಜಿನ್ನಿನದಲ್ಲ, ಅದಕ್ಕಿಂತ ಮುಂಚಿನ ಯುಸಿಇ (ಎಂಜಿನ್, ಗೇರ್ ಬಾಕ್ಸ್ ಒಂದೇ ಕವಚದಲ್ಲಿ), 346 ಸಿಸಿ, ವಾಲ್ವ್ ಎತ್ತಲು ಪುಶ್‌ರಾಡ್, ಕಾರ್ಬ್ಯುರೇಟರ್.

ಫಿಲ್ಟರ್ ಹಾಕಿದ ದಿನ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಐಡ್ಲಿಂಗ್ ಗಡಿಯಾರದ ಹಾಗೆ. ಖುಷಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಹೊರಟೆ. ಕಾಲು ಭಾಗ ಆಕ್ಸಿಲರೇಟರ್ ತನಕ ಏನೂ ತೊಂದರೆ ಇಲ್ಲ. ಅಲ್ಲಿಂದ ಮುಂದೆ ತಿರುಗಿಸಿದರೆ 'ಬೋ...' ಅಂತ ಒಂದು ಸದ್ದು. ಮುಂದಕ್ಕೆ ಮಾತ್ರ ಹೋಗುವುದಿಲ್ಲ. ಮುದಿ ಎತ್ತು ನೊಗ ಕಂಡು ಮಲಗಿದ ಹಾಗೆ. ಕಾಲ ಹತ್ತಿರ ದೊಡ್ಡ ಚೀಲ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಸ್ಕೂಟರಿನಲ್ಲಿ ನನ್ನನ್ನು ದಾಟಿದರು. ದಾಟಿದ ಮೇಲೆ ತಿರುಗಿ ನೋಡಿ, "ಗಾಡಿ ಚೆನ್ನಾಗಿದೆ ಕಣಪ್ಪ" ಅಂದರು. ಹೊಟ್ಟೆ ಉರಿದಿದ್ದು ಅದಕ್ಕೇ. ಚೆನ್ನಾಗಿಯೇ ಇತ್ತು!

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು. ಕೋನ್ ಫಿಲ್ಟರ್ ಹಾಕಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಸಾಲುವುದಿಲ್ಲ, ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ದೊಡ್ಡದು ಮಾಡು. ನಾನೂ ಅದನ್ನೇ ನಂಬಿದೆ. ಒಂದು ಜೆಟ್ ಸೆಟ್ ತರಿಸಿದೆ. ಒಂದು ನಂಬರ್ ಮೇಲಿನದು ಹಾಕಿದೆ, ಬದಲಾವಣೆ ಇಲ್ಲ. ಇನ್ನೂ ಒಂದು ಮೇಲೆ. ಇಲ್ಲ. ಸೆಟ್ಟಿನಲ್ಲೇ ಅತಿ ದೊಡ್ಡದು. ಅದೇ ಜಾಗದಲ್ಲಿ, ಅದೇ 'ಬೋ'. ನಾಲ್ಕು ಸಲ ಕಾರ್ಬ್ಯುರೇಟರ್ ಬಿಚ್ಚಿ ಕೂರಿಸಿದ ಮೇಲೆ ಅನುಮಾನ ಬಂತು. ತಾಮ್ರದ ವೈರಿನ ಎಳೆಗಳನ್ನು ಒಂದೊಂದಾಗಿ ಸೇರಿಸಿ ಜೆಟ್ಟಿನ ತೂತಿಗೆ ತೂರಿಸಿ ನೋಡಿದೆ. ಮೂರೂ ಜೆಟ್ಟಿಗೆ ಅಷ್ಟೇ ಎಳೆ ಹೋಗುತ್ತವೆ! ಮೇಲೆ ಕೆತ್ತಿದ ನಂಬರ್ ಬೇರೆ ಬೇರೆ, ಒಳಗಿನ ತೂತು ಒಂದೇ. ನಂಬರ್ ಹೊಡೆಯುವ ಮಿಷನ್ ಒಂದಿದೆ, ಡ್ರಿಲ್ ಬಿಟ್ಟೂ ಒಂದೇ ಇದೆ, ಮುಗೀತು ವ್ಯಾಪಾರ. ಮಾರಿದವರಿಗೆ ಫೋಟೋ ಕಳಿಸಿದೆ. "ಸರ್, ಎಲ್ಲಾ ಜೆಟ್ಟೂ ನೋಡೋಕೆ ಹಾಗೇ ಇರುತ್ತೆ" ಅಂತ ಉತ್ತರ ಬಂತು. ಆಮೇಲೆ ಅವರ ಫೋನ್ ಹೋಗಲೇ ಇಲ್ಲ.

ನಿಜ ಹೇಳಬೇಕೆಂದರೆ ಅವತ್ತು ಸಿಟ್ಟಿಗಿಂತ ಖುಷಿಯೇ ಜಾಸ್ತಿ ಆಗಿತ್ತು. ಕಳ್ಳ ಸಿಕ್ಕ ಅಂದುಕೊಂಡೆ. ಸರಿಯಾದ ಜೆಟ್ಟುಗಳನ್ನು ಬೇರೆ ಕಡೆಯಿಂದ ತರಿಸಿ, ವೈರ್ ತೂರಿಸಿ ಪರೀಕ್ಷೆ ಮಾಡಿ, ಹಾಕಿ, ಹೊರಟೆ.

ಬೋ.

ಇಲ್ಲಿಂದ ಮುಂದಿನ ಎರಡು ವಾರ ಬರೆಯಲು ನಾಚಿಕೆ. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ಮ್ಯಾನಿಫೋಲ್ಡ್ ಸುತ್ತ ಸ್ಪ್ರೇ ಹೊಡೆದು ಗಾಳಿ ಸೋರಿಕೆ ಹುಡುಕಿದೆ. ಕಾರ್ಬ್ಯುರೇಟರಿನ ತೆಳು ರಬ್ಬರ್ ಪರದೆ, ಅಂದರೆ ಡಯಾಫ್ರಂ, ಬಿಚ್ಚಿ ಬಲ್ಬಿಗೆ ಹಿಡಿದು ತೂತು ಇದೆಯಾ ಅಂತ ನೋಡಿದೆ. ಕಾರ್ಬ್ಯುರೇಟರ್ ಒಳಗೆ ಏರಿಳಿಯುತ್ತಾ ಗಾಳಿದಾರಿ ತೆರೆಯುವ ಸ್ಲೈಡನ್ನು ಬೆರಳಲ್ಲಿ ಎತ್ತಿ ಬಿಟ್ಟೆ, ಸರಿಯಾಗಿ ಇಳಿದು 'ಟಕ್' ಅಂತ ಕೂತಿತು. ಸೆಂಟರ್ ಸ್ಟ್ಯಾಂಡ್ ಮೇಲೆ ರೇಸ್ ಮಾಡಿದರೆ ಗಾಡಿ ಚೂಪಾಗಿ ಏರುತ್ತದೆ. ರಸ್ತೆಗೆ ಇಳಿದರೆ ಮಲಗುತ್ತದೆ. ಅಂದರೆ ಲೋಡ್ ಬಿದ್ದಾಗ ಮಾತ್ರ ತೊಂದರೆ, ಅಲ್ವಾ? ಹಾಗಾದರೆ ಇಗ್ನಿಷನ್! ಪ್ಲಗ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಕ್ಲಚ್ ಜಾರುತ್ತಿದೆಯೇನೋ ಅಂತ ಅದನ್ನೂ ಬಿಚ್ಚಿದೆ. ಪಾಪ, ಕ್ಲಚ್ ಏನು ತಪ್ಪು ಮಾಡಿತ್ತು?

ಈ ನಡುವೆ ನನ್ನ ಗೆಳೆಯ ಬಂದಿದ್ದ. ಅವನದು ಕೆಟಿಎಂ ಡ್ಯೂಕ್ 390. ಸ್ಟೂಲ್ ಮೇಲೆ ಕೂತು ನನ್ನ ಕಷ್ಟ ನೋಡಿ, "ಇಷ್ಟೆಲ್ಲಾ ಒದ್ದಾಡಿ ಕೊನೆಗೆ ಸಿಗೋದು ಇಪ್ಪತ್ತು ಕುದುರೆ ಕಣೋ. ಅದರಲ್ಲೂ ಈಗ ಅರ್ಧ ಮಲಗಿವೆ" ಅಂದ. ಲೆಕ್ಕ ಅವನದೇ ಸರಿ. ನನ್ನ ಎಂಜಿನ್ 19.8 ಬಿಎಚ್‌ಪಿ, ಅದೂ 5250 ಆರ್‌ಪಿಎಂನಲ್ಲಿ. ಅವನದು 373 ಸಿಸಿ, 43ರ ಹತ್ತಿರ. ಸಿಸಿಯಲ್ಲಿ ಇಪ್ಪತ್ತೇಳರ ವ್ಯತ್ಯಾಸ, ಶಕ್ತಿಯಲ್ಲಿ ಎರಡು ಪಟ್ಟಿಗಿಂತ ಜಾಸ್ತಿ.

ನನ್ನ ಉತ್ತರ ಇದು, ಅವತ್ತು ಕೈ ಗ್ರೀಸ್ ಆಗಿದ್ದರಿಂದ ಸರಿಯಾಗಿ ಹೇಳಲಾಗಲಿಲ್ಲ. ನನ್ನ ಸಿಲಿಂಡರ್ 70 ಮಿ.ಮೀ. ಅಗಲ, ಪಿಸ್ಟನ್ 90 ಮಿ.ಮೀ. ಓಡಾಡುತ್ತದೆ. ಅವನದು 89 ಅಗಲ, 60 ಓಡಾಟ. ನನ್ನದು ಬಾವಿ, ಅವನದು ತಟ್ಟೆ. 90 ಮಿ.ಮೀ. ಸ್ಟ್ರೋಕಿನ ಪಿಸ್ಟನ್ನನ್ನು 9000ಕ್ಕೆ ತಿರುಗಿಸಿದರೆ ಅದರ ಸರಾಸರಿ ವೇಗ ಸೆಕೆಂಡಿಗೆ 27 ಮೀಟರ್ ಆಗುತ್ತದೆ, ಕನೆಕ್ಟಿಂಗ್ ರಾಡ್ ಕಿಟಕಿಯಿಂದ ಆಚೆ ಬರುತ್ತದೆ. 60ರದ್ದಾದರೆ 18, ಆರಾಮ. ಅದಕ್ಕೇ ಅವನ ಗಾಡಿ ಮೇಲೆ ಹೋಗಿ ಶಕ್ತಿ ತರುತ್ತದೆ. ನನ್ನದು 28 ಎನ್‌ಎಂ ಟಾರ್ಕನ್ನು 4000ದಲ್ಲೇ ಕೈಗೆ ಕೊಡುತ್ತದೆ. ಅವನಿಗೆ 35 ಬೇಕೆಂದರೆ 7000ದ ಆಸುಪಾಸಿಗೆ ಹೋಗಬೇಕು.

ಇನ್ನೊಂದು ಇದೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎರಡು ಸುತ್ತಿಗೆ ಒಂದು ಸಲ ಹೊಡೆಯುತ್ತದೆ. 1000 ಆರ್‌ಪಿಎಂಗೆ ಸೆಕೆಂಡಿಗೆ ಎಂಟು ಏಟು. ಕಿವಿ ಒಂದೊಂದನ್ನೂ ಬೇರೆಯಾಗಿ ಹಿಡಿಯುತ್ತದೆ. 3000ಕ್ಕೆ ಇಪ್ಪತ್ತೈದು, ಇನ್ನೂ ತಮಟೆ. 9000ಕ್ಕೆ ಎಪ್ಪತ್ತೈದು, ಅದು ಮಿಕ್ಸಿ. ಜನ ಕ್ಯಾರೆಕ್ಟರ್ ಅಂತ ಕರೆಯುವುದರಲ್ಲಿ ಮುಕ್ಕಾಲು ಪಾಲು ಇದೇ ಅಂತ ನನ್ನ ಅನಿಸಿಕೆ: ಭಾರದ ಫ್ಲೈವೀಲು, ನಿಧಾನ ಏಟು. 2021ರಲ್ಲಿ ಹೊಸ ಕ್ಲಾಸಿಕ್ ಬಂದಾಗ ಅದಕ್ಕೆ ಬ್ಯಾಲೆನ್ಸರ್ ಶಾಫ್ಟ್ ಕೊಟ್ಟರು. ಕೈ ಜುಮ್ಮೆನ್ನುವುದು ನಿಂತಿತು. ನನ್ನ ಪರಿಚಯದ ಹಳಬರು ಮಾತ್ರ ಗಾಡಿಗೆ ಜೀವ ಹೋಯಿತು ಅಂತ ಗೊಣಗಿದರು. ನಾನು ಓಡಿಸಿ ನೋಡಿದೆ. ಚೆನ್ನಾಗಿದೆ. ಆದರೂ ಗೊಣಗಿದವರ ಪಕ್ಷ.

ಸರಿ, ಮತ್ತೆ ಶೆಡ್ಡಿಗೆ.

ಸಿಕ್ಕಿದ್ದು ಒಂದು ಭಾನುವಾರ ರಾತ್ರಿ, ಬೇಜಾರಿನಲ್ಲಿ. ಎಲ್ಲ ಬಿಟ್ಟು ಸುಮ್ನೆ ಫಿಲ್ಟರ್ ತೊಳೆಯೋಣ ಅಂತ ಕೂತಿದ್ದೆ. ಅದರ ರಬ್ಬರ್ ಕುತ್ತಿಗೆಯೊಳಗೆ ಬೆರಳು ಹಾಕಿದರೆ ಒಂದು ಅಂಚು ತಗುಲಿತು. ಕಾರ್ಬ್ಯುರೇಟರಿನ ತುಟಿ ಬಂದು ನಿಲ್ಲುವ ಜಾಗ, ಒಳಕ್ಕೆ ಚಾಚಿಕೊಂಡಿರುವ ರಬ್ಬರ್ ಬಳೆ. ಬೆಳಕಿಗೆ ತಿರುಗಿಸಿದೆ. ಆ ಬಳೆಯ ಮೇಲೆ ಒಂದು ಸಣ್ಣ ಉಬ್ಬು, ತೂತಿಗೆ ಒತ್ತಿ ಒತ್ತಿ ಮೂಡಿದ ಅಚ್ಚು. ಯಾವ ತೂತು? ಕಾರ್ಬ್ಯುರೇಟರ್ ಬಾಯಿ ನೋಡಿದೆ. ಅಂಚಿನಲ್ಲಿ ಗಾಳಿದಾರಿ. ಅದೇ ಅಳತೆ.

ನನ್ನ ಗಾಡಿಯದು ಸಿವಿ ಅನ್ನುವ ತರಹದ ಕಾರ್ಬ್ಯುರೇಟರ್; ಅದರಲ್ಲಿ ನಮ್ಮ ಕೇಬಲ್ ಎಳೆಯುವುದು ಬಟರ್‌ಫ್ಲೈ ಅನ್ನುವ ತಿರುಗು ಬಾಗಿಲನ್ನು ಮಾತ್ರ. ಸ್ಲೈಡನ್ನು ಎತ್ತುವುದು ಗಾಳಿ. ಡಯಾಫ್ರಂನ ಮೇಲ್ಗಡೆ ನಿರ್ವಾತ ಎಳೆಯುತ್ತದೆ, ಕೆಳಗಡೆ ಹೊರಗಿನ ಗಾಳಿ ಒತ್ತುತ್ತದೆ. ಆ ಕೆಳಗಿನ ಗಾಳಿ ಬರುವ ದಾರಿಯೇ ಬಾಯಿ ಅಂಚಿನ ಆ ತೂತು. ನನ್ನ ಚೆಂದದ ಫಿಲ್ಟರ್ ಅದರ ಮೇಲೆ ಐದು ವಾರದಿಂದ ಹೆಬ್ಬೆರಳು ಇಟ್ಟುಕೊಂಡು ಕೂತಿತ್ತು. ಕೆಳಗಿನಿಂದ ಒತ್ತುವ ಗಾಳಿ ಇಲ್ಲ, ಸ್ಲೈಡ್ ಏಳುವುದಿಲ್ಲ. ಸ್ಲೈಡ್ ಏಳದಿದ್ದರೆ ಅದಕ್ಕೆ ತೂಗುವ, ಪೆಟ್ರೋಲ್ ದಾರಿ ಕಾಯುವ ಸೂಜಿ ಏಳುವುದಿಲ್ಲ. ಸೂಜಿಯೇ ದಾರಿ ಬಿಡದಿದ್ದರೆ ಮೇನ್ ಜೆಟ್ ಯಾವುದಿದ್ದರೇನು? ಕಳ್ಳ ಜೆಟ್ಟಾಗಲಿ, ಒಳ್ಳೆ ಜೆಟ್ಟಾಗಲಿ, ಅದರ ಸರದಿಯೇ ಬರುತ್ತಿರಲಿಲ್ಲ.

ಮತ್ತೆ ಸ್ಟ್ಯಾಂಡ್ ಮೇಲೆ ಹೇಗೆ ಸರಿಯಾಗಿ ಏರುತ್ತಿತ್ತು? ಇಲ್ಲಿ ಹಣೆ ಚಚ್ಚಿಕೊಂಡೆ. ಸ್ಟ್ಯಾಂಡ್ ಮೇಲೆ ಮಾಡಿದ ಪ್ರತಿ ಪರೀಕ್ಷೆಯೂ ಫಿಲ್ಟರ್ ಬಿಚ್ಚಿ! ಸ್ಲೈಡ್ ಕಾಣಬೇಕಲ್ಲ ಅಂತ. ಲೋಡೂ ಇಲ್ಲ, ಇಗ್ನಿಷನ್ನೂ ಇಲ್ಲ. ಬಿಚ್ಚಿದಾಗ ಸರಿ, ಹಾಕಿದಾಗ ತಪ್ಪು. ಇಷ್ಟೇ ಇದ್ದಿದ್ದು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ. ಕಾಯಿಲ್ ಬೇರೆ ಕೊಂಡೆ.

ಬ್ಲೇಡಿನಿಂದ ಆ ಬಳೆಯನ್ನು ಕೊಯ್ದು ತೂತಿನ ಸುತ್ತ ಜಾಗ ಬಿಟ್ಟೆ. ಎರಡು ನಿಮಿಷದ ಕೆಲಸ. ಹನ್ನೊಂದೂವರೆಗೆ ಗಾಡಿ ಹೊರಗೆ ತಳ್ಳಿಕೊಂಡು ಹೋಗಿ, ಮನೆಗಳಿಂದ ದೂರ ಸ್ಟಾರ್ಟ್ ಮಾಡಿದೆ. (ಸೈಲೆನ್ಸರ್ ಮೂಲದ್ದೇ ಇದೆ. ಪಕ್ಕದ ಮನೆಯವರ ಜೊತೆ ಇನ್ನೂ ಬಾಳಬೇಕು.) ಮೂರನೇ ಗೇರಿನಲ್ಲಿ ಪೂರ್ತಿ ತಿರುಗಿಸಿದೆ. ಎಳೆಯಿತು! ಕತ್ತಲಲ್ಲಿ ಒಬ್ಬನೇ ನಕ್ಕೆ.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಜೆಟ್ಟಿನ ಸರದಿ ನಿಜವಾಗಿ ಬಂತು. ಮೂರು ದಿನದಲ್ಲಿ ಪೂರ್ತಿ ಆಕ್ಸಿಲರೇಟರಿಗೆ ಸರಿಹೋಯಿತು, ಪ್ಲಗ್ ಬಣ್ಣ ಬಿಸ್ಕತ್ತಿನಂತೆ. ಆದರೆ ನಡುವೆ, ಅರ್ಧ ಆಕ್ಸಿಲರೇಟರಿನಲ್ಲಿ, ಒಂದು ತಗ್ಗು ಉಳಿಯಿತು. ಅದೂ ಒಂದೊಂದು ಸಲ ಮಾತ್ರ. ಲಾರಿ ಪಕ್ಕದಲ್ಲಿ ಹೋದಾಗ, ಅಡ್ಡಗಾಳಿ ಬೀಸಿದಾಗ ತೊದಲುತ್ತದೆ. ಈ ಸಲ ಐದು ವಾರ ಬೇಕಾಗಲಿಲ್ಲ. ಸ್ಲೈಡನ್ನು ಎತ್ತುವುದು ಗಾಳಿಯ ಒತ್ತಡದ ವ್ಯತ್ಯಾಸ ಅಂದಮೇಲೆ, ಬಾಯಿ ಮುಂದೆ ಗಾಳಿ ಕುಣಿದರೆ ಸ್ಲೈಡೂ ಕುಣಿಯುತ್ತದೆ. ಆ ದಪ್ಪ ಕರಿ ಏರ್ ಬಾಕ್ಸ್ ಧೂಳು ತಡೆಯಲು ಮಾತ್ರ ಇರಲಿಲ್ಲ. ಕಾರ್ಬ್ಯುರೇಟರಿಗೆ ನಿಂತ ಗಾಳಿಯ ಒಂದು ಕೊಳ ಕಟ್ಟಿಕೊಟ್ಟಿತ್ತು. ನಾನು ಕೊಳ ಒಡೆದು ಬಿಂದಿಗೆಯನ್ನು ಹೊಳೆಗೆ ಹಿಡಿದಿದ್ದೆ.

ಹಾಗಾದರೆ ಆ ಹಳೆಯ ರೇಸರುಗಳು ಬಾಯಿ ತೆರೆದುಕೊಂಡೇ ಓಡಿದವಲ್ಲ? ಓಡಿದವು. ಬಿಎಸ್‌ಎ ಗೋಲ್ಡ್ ಸ್ಟಾರ್ ತರಹದವಕ್ಕೆ ಇದ್ದದ್ದು ಅಮಲ್ ಕಾರ್ಬ್ಯುರೇಟರ್, ಸ್ಲೈಡಿಗೇ ನೇರ ಕೇಬಲ್. ಗಾಳಿ ಕುಣಿಯಲಿ, ಮಲಗಲಿ, ಸವಾರನ ಕೈ ಎತ್ತಿದಷ್ಟು ಸ್ಲೈಡ್ ಏಳುತ್ತದೆ. ಅವರ ಗಾಡಿಯ ಆ ಬೋಳು ನೋಟ ಅವರ ಯಂತ್ರಕ್ಕೆ ಹೊಂದುತ್ತಿತ್ತು. ನಾನು ಅಜ್ಜನ ಕೋಟನ್ನು ಮೊಮ್ಮಗನಿಗೆ ತೊಡಿಸಿ, ಯಾಕೆ ಎಡವುತ್ತಾನೆ ಅಂತ ಕೇಳುತ್ತಿದ್ದೆ.

ಕಂಪನಿಗಳು ನನಗಿಂತ ಜಾಣ. ಟ್ರಯಂಫ್ ಬಾನ್ವಿಲ್‌ಗೆ ಫ್ಯೂಯಲ್ ಇಂಜೆಕ್ಷನ್ ಬಂದಾಗ ಅದನ್ನು ಕಾರ್ಬ್ಯುರೇಟರಿನ ಆಕಾರದ ಡಬ್ಬಿಯೊಳಗೆ ಅಡಗಿಸಿಟ್ಟರು. ಕವಾಸಾಕಿ ಡಬ್ಲ್ಯು800ರಲ್ಲಿ ವಾಲ್ವ್ ನಡೆಸಲು, ಒಂದು ಚೈನಿನಿಂದ ಆಗುವ ಕೆಲಸಕ್ಕೆ, ಓರೆ ಹಲ್ಲಿನ ಬೆವೆಲ್ ಗೇರು, ಎಂಜಿನ್ ಪಕ್ಕ ಹೊಳೆಯುವ ಕೊಳವೆ. ಶಕ್ತಿಗಾಗಿ ಅಲ್ಲ, ಕಣ್ಣಿಗಾಗಿ. ಯಮಹಾ ಎಸ್‌ಆರ್400 ಅಂತೂ 1978ರಿಂದ 2021ರ ತನಕ ಕಿಕ್ಕರಿನಲ್ಲೇ ಬಂತು, ಬಟನ್ ಸ್ಟಾರ್ಟ್ ಕೊಡಲೇ ಇಲ್ಲ. ಕಾಲು ನೋಯಿಸಿಕೊಳ್ಳಲೂ ಜನ ಸಾಲು ನಿಂತರು. ಇವರೆಲ್ಲ ಸುಳ್ಳನ್ನು ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಅಂತ ತಿಳಿದವರು. ಗಾಳಿ, ಪೆಟ್ರೋಲ್, ಕಿಡಿ, ಈ ಮೂರರ ಹತ್ತಿರ ಸುಳ್ಳು ನಡೆಯುವುದಿಲ್ಲ.

ಹಾಗಾಗಿ ಖಾಲಿ ತ್ರಿಕೋನ ಹೋಯಿತು. ಅಲ್ಯೂಮಿನಿಯಂ ಶೀಟಿನಲ್ಲಿ ಒಂದು ಪುಟ್ಟ ಗಾಳಿಪೆಟ್ಟಿಗೆ ಮಾಡಿದೆ. ಮೊದಲನೆಯದು ರಿವೆಟ್ ಸಂದಿಯಲ್ಲಿ ಸೋರಿತು, ಎರಡನೆಯದು ಚೈನಿಗೆ ತಗುಲಿತು, ಮೂರನೆಯದು ಕೂತಿತು. ಅದನ್ನು ಮುಚ್ಚಲು ಮೊಟ್ಟೆಯಾಕಾರದ ಸೈಡ್ ಪ್ಯಾನೆಲ್, ಟ್ಯಾಂಕಿನದೇ ಬಣ್ಣ, ನಡುವೆ ಒಂದು ತೆಳು ಗೆರೆ. ಗೆರೆ ಎಳೆಯುವಾಗ ಕೈ ನಡುಗಿದೆ, ಹತ್ತಿರ ಬಂದು ನೋಡಬೇಡಿ.

ಪರೀಕ್ಷೆಗೆ ಯಾವಾಗಲೂ ಹೋಗುವ ಏರಿನಲ್ಲಿ, ನಾಲ್ಕನೇ ಗೇರಿನಲ್ಲಿ, 50ರಿಂದ 70ಕ್ಕೆ ಸ್ಟಾಪ್‌ವಾಚ್ ಹಿಡಿದೆ. ಏನೂ ಮುಟ್ಟದೆ ಇದ್ದಾಗಿನ ಸಮಯವೇ ಬಂತು. ಐದು ವಾರ, ಎರಡು ಜೆಟ್ ಸೆಟ್, ಒಂದು ಕಾಯಿಲ್, ಮೂರು ಪೆಟ್ಟಿಗೆ, ಲಾಭ ಸೊನ್ನೆ. ಗೆಳೆಯನಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡರೆ, ಗಾಡಿ ಸುತ್ತ ಒಂದು ಸುತ್ತು ಬಂದು, "ಕೀ ಕೊಡು" ಅಂದ. ಅರ್ಧ ಗಂಟೆ ಬರಲಿಲ್ಲ. ಬಂದು ಹೆಲ್ಮೆಟ್ ತೆಗೆದು, "ಸ್ಲೋ ಕಣೋ" ಅಂದ. ಇಳಿಯಲಿಲ್ಲ, ಇನ್ನೊಂದು ಸುತ್ತು ಹೊರಟ.

ಇನ್ನು ಮುಂದಿನದು. ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿರುವ ಯೆಜ್ಡಿ ರೋಡ್‌ಕಿಂಗ್ ಬಗ್ಗೆ ಒಂದೆರಡು ಸಲ ಬರೆದಿದ್ದೇನೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರ್ ಲಿವರ್. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು, ಬಿಡಿಭಾಗ ಹುಡುಕುವುದೇ ಒಂದು ಹವ್ಯಾಸ ಆಗುತ್ತದೆ. ಆದರೆ ಅದು ಸುಳ್ಳು ರೆಟ್ರೋ ಅಲ್ಲ, ನಿಜವಾದ ಹಳತು. ಮುಖ್ಯವಾಗಿ, ಅದರ ಕಾರ್ಬ್ಯುರೇಟರಿನಲ್ಲಿ ಡಯಾಫ್ರಂ ಇಲ್ಲ. ಕೇಬಲ್ ನೇರ ಸ್ಲೈಡಿಗೆ.

ಬಳೆ ಕೊಯ್ದ ಕೋನ್ ಫಿಲ್ಟರ್ ಕೆಲಸ ಇಲ್ಲದೆ ಡಬ್ಬಿಯಲ್ಲಿ ಬಿದ್ದಿತ್ತು. ನಿನ್ನೆ ಗೋಣಿ ಸರಿಸಿ, ಸುಮ್ನೆ ಒಮ್ಮೆ ಹಿಡಿದು ನೋಡಿದೆ.

ಕೂರುತ್ತದೆ.